ಇಂಪೇಶನ್ಸ್ ನಮ್ಮ ಕಡಿ ದಸರಾಕ್ಕ ಹಚ್ಚೋ ಗಿಡ, ಬ್ಯಾಸಿಗಿದಲ್ಲ

ಮಾನ್ಯ ಸಂಪಾದಕರಿಗೆ ಕಲಬುರಗಿಯಿಂದ ನಮಸ್ಕಾರ್ರಿ.

ಹೋಳಿ ಹುಣ್ಣಿಮಿ ಬಂತಂದ್ರ ಪೇಪರ್‌ನ್ಯಾಗ, ಮೊಬೈಲ್‌ನ್ಯಾಗ ಎಲ್ಲಾ ಕಡಿ ಬ್ಯಾಸಿಗಿ ಹೂವಿನ ಗಿಡಗಳ ಪಟ್ಟಿ ಬರ್ಲಾಕ ಸುರು ಆಗ್ತದ, ಅದರೊಳಗ ಇಂಪೇಶನ್ಸ್ ಹೆಸರು ಇದ್ದೇ ಇರ್ತದ. ಮಡಿ ತುಂಬ ಹಚ್ರಿ, ಕುಂಡದಾಗ ಹಚ್ರಿ, ತೂಗು ಬುಟ್ಟ್ಯಾಗ ಹಚ್ರಿ, ಬ್ಯಾಸಿಗಿ ಪೂರಾ ಹೂ ಬಿಡ್ತದ ಅಂತ ಬರೀತಾರ. ಅದನ್ನ ನಂಬಿ ಕಲಬುರಗಿ, ಬೀದರ, ಯಾದಗಿರಿ ಮಂದಿ ಮಾರ್ಚ್ ತಿಂಗಳಾಗ ನರ್ಸರಿಗಿ ಹೋಗಿ ಗುಲಾಬಿ, ಕೇಸರಿ, ಬಿಳಿ ಹೂ ತುಂಬಿದ ಸಣ್ಣ ಸಣ್ಣ ಪಾಟು ತರ್ತಾರ, ಏಪ್ರಿಲ್ ಮುಗಿಯೂದ್ರೊಳಗ ಒಂದೂ ಉಳಿಯೋದಿಲ್ಲ. ಆಮ್ಯಾಲ "ನಮ್ಮ ಕೈಗುಣನೇ ಛಲೋ ಇಲ್ಲ ಬಿಡ್ರಿ" ಅಂತ ಗಿಡ ಹಚ್ಚೋದೇ ಬಿಟ್ಟುಬಿಡ್ತಾರ. ನಮ್ಮ ಓಣ್ಯಾಗೇ ಹಿಂಗ ಅಂದವರು ಇದ್ದಾರ, ಅವರ ಅಂಗಳ ಈಗ ಬರೇ ಫರಸಿ ಕಲ್ಲು. ಅದನ್ನ ನೋಡಿದಾಗೆಲ್ಲ ನನಗ ಸಂಕಟ ಆಗ್ತದ, ಯಾಕಂದ್ರ ಇದೇ ಗಿಡ ಇದೇ ಊರಾಗ ನಾಲ್ಕು ತಿಂಗಳು ಕಣ್ಣು ತುಂಬುವಂಗ ಹೂ ಬಿಡ್ತದ, ಹಚ್ಚೋ ತಿಂಗಳು ಮಾತ್ರ ಬ್ಯಾರೆ. ಅದನ್ನ ಯಾರೂ ಬರೀವಲ್ಲರು ಅಂತ ನಾನು ಈ ಪತ್ರ ಬರೀಲತ್ತೀನಿ, ಸ್ವಲ್ಪ ಉದ್ದ ಆಗ್ತದ, ದಯಮಾಡಿ ಪೂರಾ ಹಾಕ್ರಿ.

ಇಂಪೇಶನ್ಸ್ ಬ್ಯಾಸಿಗಿ ಗಿಡ ಅನ್ನೋದು ಇಂಗ್ಲೆಂಡ್, ಅಮೆರಿಕಾದ ಲೆಕ್ಕರಿ. ಅಲ್ಲಿ ಥಂಡಿಗಾಲದಾಗ ಹಿಮ ಬೀಳ್ತದ, ಹಿಮ ಬಿದ್ದ ಒಂದೇ ರಾತ್ರಿಗೆ ಈ ಗಿಡ ಕರ್ರಗಾಗಿ ಕೂಡ್ತದ, ಅದಕ್ಕ ಅವರು ಹಿಮದ ಭಯ ಹೋದ ಮ್ಯಾಲ ಮೇ ತಿಂಗಳ ಸುಮಾರಿಗಿ ಸಸಿ ಹಚ್ಚಿ ಅಕ್ಟೋಬರ್ ತನಕ ಹೂ ನೋಡ್ತಾರ. ಲಂಡನ್‌ನ್ಯಾಗ ಜುಲೈ ತಿಂಗಳ ಹಗಲಂದ್ರ ಸರಾಸರಿ 23-24 ಡಿಗ್ರಿ. ನಮ್ಮಲ್ಲಿ ಡಿಸೆಂಬರ್ ಹಗಲೇ 29-30 ಇರ್ತದ, ರಾತ್ರಿಗಿ 15-16ರ ಸುಮಾರಿಗಿ ಇಳೀತದ. ಅಂದ್ರ ಅವರ ಬ್ಯಾಸಿಗಿ ಹವಾಕ್ಕ ನಮ್ಮ ಕಡಿ ಏನಾದ್ರೂ ಹತ್ತಿರ ಇದ್ರ ಅದು ದೀಪಾವಳಿಯಿಂದ ಶಿವರಾತ್ರಿ ತನಕದ ಹವಾನೇ. ಏಪ್ರಿಲ್, ಮೇದಾಗ 40 ದಾಟೋದು ನಮಗ ದಿನದ ಮಾತು, 43-44 ಆಗೋದೂ ಹೊಸದಲ್ಲ, ರಾತ್ರಿ ಸೈತ ಗ್ವಾಡಿ ಮುಟ್ಟಿದ್ರ ಬಿಸಿ. ಬೆಂಗಳೂರಿನ ಮಾತು ಬ್ಯಾರೆ, ಅದು ಸಮುದ್ರ ಮಟ್ಟದಿಂದ 900 ಮೀಟರ್ ಮ್ಯಾಲ ಅದ, ಅಲ್ಲಿ ಏಪ್ರಿಲ್ ಹಗಲು 34ರ ಸುತ್ತಮುತ್ತ, ಮಧ್ಯಾಹ್ನ ಮ್ಯಾಲ ಒಂದು ಮಳಿ ಬಂದು ತಂಪು ಮಾಡಿ ಹೋಗ್ತದ, ಆ ಊರಾಗ ಮರದ ನೆಳ್ಳಿನಾಗ ಇಂಪೇಶನ್ಸ್ ವರ್ಷ ಪೂರ್ತಿ ಬದುಕ್ತದ. ಕಲಬುರಗಿ ಅದರ ಅರ್ಧ ಎತ್ತರದಾಗ ಅದ, ಸುತ್ತ ಯರಿ ಹೊಲ, ತೊಗರಿ ಕಟಾವ್ ಆದ ಮ್ಯಾಲ ನೆಳ್ಳಂಬೋದೇ ಇಲ್ಲ. ಗಿಡದ ಅಂಕಣ ಬರೆಯೋರು ಬೆಂಗಳೂರಿನಾಗ ಕುಂತು ಬರೀತಾರ, ಓದೋರು ನಾವು ಇಲ್ಲಿ ಬಿಸಲಾಗ ಕುಂತು ಓದ್ತೀವಿ.

ಈ ಗಿಡದ ಹುಟ್ಟು ತಿಳಕೊಂಡ್ರ ಅರ್ಧ ಪ್ರಶ್ನೆ ತಾನೇ ಬಗೆಹರೀತದ. ನರ್ಸರಿಯೊಳಗ ಬರೇ ಇಂಪೇಶನ್ಸ್ ಅಂತ ಸಿಗೋದು ವಾಲೆರಿಯಾನಾ ಅನ್ನೋ ಜಾತಿ, ಪೂರ್ವ ಆಫ್ರಿಕಾದ್ದು, ಕೀನ್ಯಾದಿಂದ ಮೊಝಾಂಬಿಕ್ ತನಕ ಕಾಡಿನೊಳಗ, ಹಳ್ಳದ ದಂಡಿಗಿ, ಹಸಿ ನೆಳ್ಳಿನಾಗ ಬೆಳೆಯೋದು. ದಂಟು ಮುರಿದು ನೋಡ್ರಿ, ತುಂಬ ನೀರೇ. ಎಲಿ ತೆಳ್ಳಗ, ಬೇರು ಮ್ಯಾಲ ಮ್ಯಾಲ. ಹವಾ 30-32 ದಾಟ್ತಿದ್ದಂಗ ಹೂ ಕಡಿಮಿ ಆಗ್ತಾವ, ಇನ್ನೂ ಏರಿದ್ರ ಮೊಗ್ಗು ಉದುರ್ತಾವ. ನಮ್ಮ ಕಡಿ ಬಿಸಿಗಾಳಿ ಬೀಸ್ಲಾಕ ಸುರು ಆತಂದ್ರ ಬೇರು ಎಷ್ಟು ನೀರು ಎಳಕೊಂಡ್ರೂ ಎಲಿಯಿಂದ ಅದಕ್ಕಿಂತ ಜಲ್ದಿ ಹಾರಿಹೋಗ್ತದ, ಹಿಂಗಾಗಿ ಮಣ್ಣು ಹಸಿ ಇದ್ರೂ ಗಿಡ ಮಧ್ಯಾಹ್ನಕ್ಕ ಬಾಡಿ ಬೀಳ್ತದ. ಮನಿಯವರು ಪಾಪ ನೀರು ಸಾಲವಲ್ದು ಅಂತ ಮತ್ತೊಂದು ತಂಬಿಗಿ ಹಾಕ್ತಾರ, ಸಂಜಿಗಿ ಮತ್ತ ಹಾಕ್ತಾರ, ನಾಕು ದಿನದಾಗ ಬೇರು ಕೊಳೆತು ಬುಡ ಮೆತ್ತಗಾಗ್ತದ. ನರ್ಸರಿ ಅಣ್ಣಗ ಕೇಳಿದ್ರ "ಅಕ್ಕಾರೆ, ದಿನಾ ಎರಡ್ ಹೊತ್ತು ನೀರ್ ಹಾಕ್ರಿ, ಏನೂ ಆಗಂಗಿಲ್ಲ" ಅಂತಾನ. ಅವನಿಗಿ ಬೈಯೋದೂ ಬ್ಯಾಡ, ಮಾಲು ಬೆಂಗಳೂರು, ಪುಣೆ ಕಡಿಯಿಂದ ಲಾರಿಯಾಗ ಬರ್ತದ, ಅಲ್ಲಿ ಬೆಳೆಸಿದ್ದನ್ನ ಇಲ್ಲಿ ಇಳಿಸಿ ಮಾರ್ತಾನ, ಬಂದ ದಿನ ಗಿಡ ಹೂವಿನಿಂದ ತುಂಬಿರ್ತದ, ಕೊಳ್ಳೋರು ಕೊಳ್ತಾರ.

ಹಂಗಾದ್ರ ಯಾವಾಗ ಹಚ್ಚಬೇಕು ಅಂದ್ರ, ಸಸಿ ಕೊಂಡು ತರೋರು ದಸರಾ ಆದ ಮ್ಯಾಲ ತರ್ರಿ. ಅಕ್ಟೋಬರ್ ಕಡೀಕ, ಮಳಿ ಹಿಂದ ಸರದು ಬೆಳಿಗ್ಗಿ ಸ್ವಲ್ಪ ಥಂಡಿ ಅನಿಸ್ಲತ್ತಿದ್ರ ಅದೇ ಹೊತ್ತು. ಬೀಜದಿಂದ ಮಾಡೋರು ಆಗಸ್ಟ್ ಕಡೀ ವಾರ ಇಲ್ಲಾ ಸೆಪ್ಟೆಂಬರ್‌ನ್ಯಾಗ ಬೀಜ ಹಾಕ್ಬೇಕು, ಯಾಕಂದ್ರ ಬೀಜ ಹಾಕಿದ ದಿನದಿಂದ ಹೂ ಬರ್ಲಾಕ ಎಂಟರಿಂದ ಹತ್ತು ವಾರ ಹಿಡೀತದ. ದೀಪಾವಳಿ ಸುಮಾರಿಗಿ ಮೊದಲ ಹೂ ಅರಳ್ತಾವ, ಎಳ್ಳ ಅಮಾವಾಸಿ ಹೊತ್ತಿಗಿ ಗಿಡ ಗುಂಡಗ ತುಂಬಿರ್ತದ, ಶರಣಬಸವೇಶ್ವರರ ಜಾತ್ರಿ ತನಕ ತೊಂದರಿ ಇಲ್ಲ. ಜಾತ್ರಿ ಮುಗಿದ ಮ್ಯಾಲ ಬಿಸಲು ಏರ್ತದ, ಅಲ್ಲಿಗಿ ಅದರ ಕಾಲ ಮುಗೀತು ಅಂತ ತಿಳೀರಿ. ನಾಕು ತಿಂಗಳು ಬಿಡದಂಗ ಹೂ ಕೊಟ್ಟ ಗಿಡ ಅದು, ಅಷ್ಟು ಸಾಕಲ್ರಿ.

ಬೀಜದ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ವಾಲೆರಿಯಾನಾ ಬೀಜ ಭಾಳ ಸಣ್ಣದು, ಒಂದು ಗ್ರಾಂನ್ಯಾಗ ಸಾವಿರದ ಮ್ಯಾಲ ಇರ್ತಾವ, ಅದಕ್ಕ ಪಾಕೀಟಿನ್ಯಾಗ ಧೂಳಿನಷ್ಟು ಕಂಡ್ರ ಮೋಸ ಮಾಡ್ಯಾರ ಅಂತ ತಿಳಕೋಬ್ಯಾಡ್ರಿ. ಅದಕ್ಕ ಮೊಳಕಿ ಒಡೀಲಾಕ ಬೆಳಕು ಬೇಕು. ಮಣ್ಣು ಮುಚ್ಚಿದ್ರ ಏಳೋದೇ ಇಲ್ಲ, ಇಲ್ಲೇ ಭಾಳ ಮಂದಿ ಬೀಜ ಹಾಳಾಗೋದು. ಸಣ್ಣ ಟ್ರೇಯಾಗ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹಸಿ ಮಾಡಿ, ಸ್ವಲ್ಪ ಒಣ ಉಸುಕಿನಾಗ ಬೀಜ ಕಲಸಿ ಮ್ಯಾಲ ಉದುರಿಸಿ, ಬರೇ ಅಂಗೈಲೆ ಮೆಲ್ಲಕ ಒತ್ತಿಬಿಡ್ರಿ. ಮ್ಯಾಲ ತೆಳು ಪ್ಲಾಸ್ಟಿಕ್ ಹೊಚ್ಚಿ ಬೆಳಕು ಇದ್ದಲ್ಲಿ, ಬಿಸಲು ಬೀಳದಲ್ಲಿ ಇಡ್ರಿ. ಹವಾ 21 ರಿಂದ 25 ಇದ್ರ ಎರಡು ವಾರದ ಸುಮಾರಿಗಿ ಮೊಳಕಿ ಕಾಣ್ತಾವ, ಮೊಳಕಿ ಕಂಡ ಕೂಡಲೇ ಪ್ಲಾಸ್ಟಿಕ್ ತಗೀರಿ, ಇಲ್ಲಂದ್ರ ಬುಡ ಕೊಳೆತು ಸಸಿ ಮಲಗಿಬಿಡ್ತಾವ. ನೀರು ಮ್ಯಾಲಿಂದ ಸುರೀಬ್ಯಾಡ್ರಿ, ಟ್ರೇನ ಒಂದು ತಾಟಿನ್ಯಾಗ ನೀರು ಹಾಕಿ ಅದರಾಗ ಇಟ್ರ ಕೆಳಗಿಂದ ತಾನೇ ಎಳಕೊಳ್ತದ. ಮೂರು ನಾಕು ಎಲಿ ಬಂದಾಗ ಒಂದೊಂದೇ ಸಸಿ ಬ್ಯಾರೆ ಬ್ಯಾರೆ ಸಣ್ಣ ಪಾಟಿಗಿ ಹಚ್ರಿ. ಹೈಬ್ರಿಡ್ ಗಿಡದ ಬೀಜ ತಗದಿಟ್ಟು ಮತ್ತ ಹಾಕಿದ್ರ ಅದೇ ಬಣ್ಣ, ಅದೇ ಎತ್ತರ ಬರ್ತದ ಅನ್ನೋ ಭರವಸಿ ಇಲ್ಲ, ಅದಕ್ಕ ಬಣ್ಣ ಉಳಿಸಿಕೊಳ್ಳೋರಿಗಿ ಟೊಂಗಿ ತುಂಡು ಹಚ್ಚೋದೇ ಛಲೋ, ಅದರ ಮಾತು ಮುಂದ ಹೇಳ್ತೀನಿ.

ಮಣ್ಣಿನ ವಿಷಯಕ್ಕ ಬಂದ್ರ ನಮ್ಮ ಕಡಿ ನಿಜವಾದ ಅಡಚಣಿ ಇಲ್ಲೇ ಅದ, ಬೆಂಗಳೂರಿನ ಅಂಕಣದಾಗ ಇದು ಸಿಗಂಗಿಲ್ಲ. ಯರಿ ಮಣ್ಣು ತೊಗರಿಗಿ, ಜೋಳಕ್ಕ ಬಂಗಾರ, ಇಂಪೇಶನ್ಸ್‌ಗ ಮಾತ್ರ ಹೊಂದೋದಿಲ್ಲ. ಹಸಿ ಇದ್ದಾಗ ಅಂಟಿಕೊಂಡು ಗಾಳಿ ಆಡಗೊಡೋದಿಲ್ಲ, ಒಣಗಿದ್ರ ಬಿರುಕು ಬಿಟ್ಟು ಸಣ್ಣ ಬೇರು ಹರದು ಹಾಕ್ತದ, ಮ್ಯಾಲಾಗಿ ಅದರಾಗ ಸುಣ್ಣದ ಅಂಶ ಜಾಸ್ತಿ. ಈ ಗಿಡಕ್ಕ ಸ್ವಲ್ಪ ಹುಳಿ ಮಣ್ಣು ಬೇಕು, ಪಿಎಚ್ (ಮಣ್ಣಿನ ಹುಳಿ ಅಳಿಯೋ ಲೆಕ್ಕ, 7ಕ್ಕಿಂತ ಕಡಿಮಿ ಅಂದ್ರ ಹುಳಿ) 6 ರಿಂದ 6.5 ಇದ್ರ ಛಲೋ, ನಮ್ಮ ಯರಿ ಮಣ್ಣು ಭಾಳ ಕಡಿ 8ರ ಸುತ್ತ ಇರ್ತದ. ಅಂಥಾ ಮಣ್ಣಿನಾಗ ಕಬ್ಬಿಣದ ಅಂಶ ಇದ್ರೂ ಬೇರಿಗಿ ಸಿಗೋದಿಲ್ಲ, ಎಳಿ ಎಲಿ ಹಳದಿ ಆಗಿ ನರ ಮಾತ್ರ ಹಸರ ಉಳೀತಾವ. ಹಿಂಗ ಕಂಡ್ರ ಯೂರಿಯಾ ಹಾಕ್ಬ್ಯಾಡ್ರಿ, ಹಾಕಿದ್ರ ಎಲಿ ಬೆಳೀತದ, ಹೂ ಬರಂಗಿಲ್ಲ, ಹಳದಿನೂ ಹೋಗಂಗಿಲ್ಲ. ಗೊಬ್ಬರದ ಅಂಗಡ್ಯಾಗ ಚೀಲೇಟೆಡ್ ಐರನ್ ಅಂತ, ಬೇರಿಗಿ ಸಿಗೋ ರೂಪದ ಕಬ್ಬಿಣ, ಸಿಗ್ತದ, ಪಾಕೀಟಿನ ಮ್ಯಾಲ ಬರೆದ ಪ್ರಮಾಣದಾಗ ನೀರಿಗಿ ಕಲಸಿ ಸಂಜಿ ಮುಂದ ಹಾಕಿದ್ರ ಹೊಸ ಎಲಿ ಹಸರಾಗಿ ಬರ್ತಾವ.

ಅದಕ್ಕ ಕಲಬುರಗಿ, ಯಾದಗಿರ್ಯಾಗ ನೆಲದಾಗ ಮಡಿ ಮಾಡೋಕಿಂತ ಕುಂಡನೇ ಮೇಲು ಅನ್ನೋದು ನನ್ನ ಅಭಿಪ್ರಾಯ. ಎರಡು ಪಾಲು ಕೊಕೊಪೀಟ್, ಒಂದು ಪಾಲು ಚಂದಾಗಿ ಕೊಳೆತ ಹೆಂಡಿಗೊಬ್ಬರ ಇಲ್ಲಾ ಎರೆಹುಳ ಗೊಬ್ಬರ, ಒಂದು ಪಾಲು ಕೆಂಪು ಮಣ್ಣು, ಒಂದು ಹಿಡಿ ಬೇವಿನ ಹಿಂಡಿ, ಇಷ್ಟು ಕಲಸಿದ್ರ ಆತು. ಎಂಟು ಇಂಚಿನ ಕುಂಡಕ್ಕ ಒಂದು ಸಸಿ, ಹನ್ನೆರಡು ಇಂಚಿಂದು ಇದ್ರ ಮೂರು. ಕುಂಡದ ತೂತು ಮುಚ್ಚಿಲ್ಲಲ್ಲ ಅಂತ ಮೊದಲೇ ನೋಡ್ರಿ. ಬೀದರನವರು ಪುಣ್ಯವಂತರು, ಅವರದು ಜಂಬಿಟ್ಟಿಗಿ ಕೆಂಪು ಮಣ್ಣು, ನೀರು ನಿಲ್ಲೋದಿಲ್ಲ, ಊರೂ ನಮಗಿಂತ ಸುಮಾರು 200 ಮೀಟರ್ ಎತ್ತರದಾಗ ಅದ, ಹವಾ ತುಸು ತಂಪು, ಅವರು ನೆಲದಾಗ ಮಡಿ ಮಾಡಿದ್ರೂ ನಡೀತದ. ಮಡಿ ಮಾಡೋದಾದ್ರ ಸಸಿಯಿಂದ ಸಸಿಗಿ ಒಂದು ಗೇಣು ಬಿಡ್ರಿ, ಭಾಳ ಒತ್ತಾಗಿ ಹಚ್ಚಿದ್ರ ಗಿಡ ಅಗಲ ಆಗೋ ಬದಲಿ ಉದ್ದ ಬೆಳೆದು ಬೀಳ್ತಾವ, ನಡುವ ಗಾಳಿನೂ ಆಡೋದಿಲ್ಲ.

ನೀರಿನ ಮಾತು ಇನ್ನೂ ಮುಖ್ಯ. ನಮ್ಮ ಭಾಳ ಓಣಿಗಳಾಗ ನಳ ದಿನಾ ಬರೋದಿಲ್ಲ, ಗಿಡಕ್ಕ ಬೋರಿನ ನೀರೇ ಗತಿ. ಸುತ್ತ ಶಹಾಬಾದ್ ಕಲ್ಲಿನ ನಾಡು, ಆ ಕಲ್ಲು ಅಂದ್ರ ಸುಣ್ಣದ ಕಲ್ಲೇ, ಸಿಮೆಂಟ್ ಫ್ಯಾಕ್ಟರಿಗಳು ಇಲ್ಲಿ ಬಂದಿದ್ದೂ ಅದಕ್ಕೇ. ಅಂಥಾ ನೆಲದಾಗಿಂದ ಬಂದ ಬೋರಿನ ನೀರು ಗಡಸಾಗಿರ್ತದ, ಕುಂಡದ ಹೊರಗ ಬೆಳ್ಳಗ ಪೊರಿ ಕಟ್ಟೋದು ನೀವೂ ನೋಡಿರ್ತೀರಿ, ಒಳಗ ಬೇರಿನ ಸುತ್ತನೂ ಅದೇ ಕಟ್ತದ. ಮಳಿಗಾಲದಾಗ ಮಾಳಿಗಿ ನೀರು ಎರಡು ಡ್ರಮ್ ಹಿಡಿದಿಟ್ಟು ಬಾಯಿ ಮುಚ್ಚಿ ಇಟ್ರ ನವೆಂಬರ್ ತನಕ ಈ ಗಿಡಕ್ಕ ಅದನ್ನೇ ಹಾಕ್ಬಹುದು. ಎಸಿ ಇದ್ದ ಮನ್ಯಾಗ ಪೈಪಿನಿಂದ ತೊಟ್ಟಿಕ್ಕೋ ನೀರಿನಾಗ ಉಪ್ಪು ಇರೋದಿಲ್ಲ, ಬಕೀಟು ಇಟ್ಟು ಹಿಡೀರಿ. ಆದ್ರ ಕೂಲರ್ ಟ್ಯಾಂಕಿನ ತಳದ ನೀರು ಮತ್ತ ಆರ್‌ಓ ಫಿಲ್ಟರ್ ಹೊರಗ ಬಿಡೋ ನೀರು ಬ್ಯಾಡೇ ಬ್ಯಾಡ. ಕೂಲರ್‌ನ್ಯಾಗ ನೀರು ಹಾರಿ ಹೋಗ್ತದ, ಉಪ್ಪು ಅಲ್ಲೇ ಉಳೀತದ, ದಿನಾ ನೀರು ತುಂಬಿಧಂಗ ಉಪ್ಪು ಜಾಸ್ತಿ ಆಗ್ತದ. ನೀರು ಉಳಿಸಬೇಕಂತ ಒಳ್ಳೆ ಮನಸಿನಿಂದ ಎಷ್ಟೋ ಮಂದಿ ಇದನ್ನ ಗಿಡಕ್ಕ ಸುರೀತಾರ, ಎಲಿ ಅಂಚು ಸುಟ್ಟಂಗ ಆಗ್ತದ, ಬಿಸಲು ಬಡಿದದ ಅಂತ ತಿಳೀತಾರ. ನಿತ್ಯಪುಷ್ಪ, ಕಣಗಲ ತಡಕೊಳ್ತಾವ, ಇಂಪೇಶನ್ಸ್ ತಡಕೊಳ್ಳೋದಿಲ್ಲ.

ಎಷ್ಟು ನೀರು ಅಂತ ಕೇಳಿದ್ರ ಬೆರಳು ಮಣ್ಣಿನಾಗ ಒಂದು ಗೆಣಿಕಿ ತನಕ ಇಳಿಸಿ ನೋಡ್ರಿ, ಒಣಗಿದ್ರ ಹಾಕ್ರಿ, ಹಸಿ ಇದ್ರ ಬಿಡ್ರಿ. ಬೆಳಿಗ್ಗಿ ಹೊತ್ತು ಬುಡಕ್ಕ ಹಾಕೋದು ರೂಢಿ ಮಾಡ್ಕೋರಿ, ಹೂ ಎಲಿ ತೋಯಿಸ್ಬ್ಯಾಡ್ರಿ. ಡಿಸೆಂಬರ್‌ನ್ಯಾಗ ಬೆಳಿಗ್ಗಿ ಎಳಿ ಬಿಸಲು ಒಂದೆರಡು ತಾಸು ಬಿದ್ರ ಹೂ ಜಾಸ್ತಿ ಬರ್ತಾವ, ಹತ್ತು ಗಂಟೆ ಮ್ಯಾಲಿನ ಬಿಸಲು ಬ್ಯಾಡ. ಮೂಡಣಕ್ಕ ಮುಖ ಇದ್ದ ಕಟ್ಟಿ, ಬೇವಿನ ಗಿಡದ ಬುಡ, ಬಡಗಣ ಗ್ವಾಡಿ ಪಕ್ಕ, ಜಿನದ (ಮೆಟ್ಟಲದ) ಕೆಳಗ ಬೆಳಕು ಬೀಳೋ ಜಾಗ, ಇವೆಲ್ಲ ಹೇಳಿ ಮಾಡಿಸಿದಂಥವು. ನೆಳ್ಳಿನ್ಯಾಗ ಹಿಂಗ ತಿಂಗಳುಗಟ್ಟಲೆ ಬಣ್ಣ ಕೊಡೋ ಹೂವಿನ ಗಿಡ ಬ್ಯಾರೆ ಭಾಳ ಇಲ್ಲರಿ, ಅದಕ್ಕೇ ನನಗ ಇದರ ಮ್ಯಾಲ ಇಷ್ಟು ಪ್ರೀತಿ. ಬಾಡಿದ ಹೂ ತಾವೇ ಉದುರ್ತಾವ, ದಿನಾ ಕತ್ತರಿ ಹಿಡ್ಕೊಂಡು ಕೂಡೋ ಕೆಲಸನೂ ಇಲ್ಲ. ವಯಸಾದವರು, ಮಂಡಿ ನೋವಿದ್ದವರು ಕುರ್ಚಿ ಮ್ಯಾಲ ಕುಂತೇ ನೋಡ್ಕೋಬಹುದು.

ಫರಸಿ ಬಗ್ಗೆ ಹೇಳೋದು ಉಳೀತು. ನಮ್ಮ ಮನಿ, ಅಂಗಳ, ಮಾಳಿಗಿ ಎಲ್ಲಾ ಫರಸಿ ಇಲ್ಲಾ ಸಿಮೆಂಟು. ಹಗಲು ಪೂರಾ ಕಾದು ರಾತ್ರಿ ಎಷ್ಟೋ ಹೊತ್ತಿನ ತನಕ ಆ ಬಿಸಿ ಬಿಡ್ತಿರ್ತದ. ಅದರ ಮ್ಯಾಲ ಕರಿ ಪ್ಲಾಸ್ಟಿಕ್ ಪಾಟು ಇಟ್ರ ಬೇರು ಬೇಯ್ತಾವ. ಎರಡು ಇಟ್ಟಂಗಿ ಇಟ್ಟು ಅದರ ಮ್ಯಾಲ ಕುಂಡ ಇಡ್ರಿ, ನಡುವ ಗಾಳಿ ಆಡ್ತದ. ಕುಂಬಾರರ ಮಣ್ಣಿನ ಕುಂಡ ಇನ್ನೂ ಛಲೋ, ಅದರ ಮೈಯಿಂದ ನೀರು ಆರಿ ಒಳಗ ತಂಪು ಇರ್ತದ, ದೊಡ್ಡ ಕುಂಡದಾಗ ಸಣ್ಣ ಕುಂಡ ಇಟ್ಟು ನಡುವ ಉಸುಕು ತುಂಬಿ ಹಸಿ ಮಾಡಿದ್ರಂತೂ ಫೆಬ್ರವರಿ, ಮಾರ್ಚ್ ದಾಟಿಸ್ಲಾಕ ಭಾಳ ಅನುಕೂಲ. ಬುಡದ ಮ್ಯಾಲ ತೊಗರಿ ಹೊಟ್ಟು ಎರಡು ಬೆರಳು ದಪ್ಪ ಹಾಕ್ರಿ. ನಮ್ಮ ಜಿಲ್ಲಾದಾಗ ಅದಕ್ಕೇನು ಬರ, ರಾಶಿ ಆದ ಮ್ಯಾಲ ಯಾವ ಹೊಲದಾಗ ಕೇಳಿದ್ರೂ ಒಂದು ಚೀಲ ಕೊಡ್ತಾರ, ದುಡ್ಡು ಕೊಟ್ಟು ಮಲ್ಚ್ ಶೀಟ್ ತರೋ ಜರೂರಿ ಇಲ್ಲ. ದಂಟಿಗಿ ತಾಗದಂಗ ಹಾಕ್ಬೇಕು ಅಷ್ಟೇ, ತಾಗಿದ್ರ ಕೊಳೀತದ.

ಇಷ್ಟು ಹೇಳಿದ ಮ್ಯಾಲೂ ಬ್ಯಾಸಿಗ್ಯಾಗ ಉಳಿಸಲೇಬೇಕು ಅನ್ನೋರಿಗಿ ಒಂದು ದಾರಿ ಅದ, ಗಿಡ ಉಳಿಸ್ಲಾಕ ಹೋಗಬ್ಯಾಡ್ರಿ, ತುಂಡು ಉಳಿಸ್ರಿ. ಫೆಬ್ರವರಿ ಕಡೀಕ ಹೂ ಇಲ್ಲದ ಟೊಂಗಿ ನಾಕು ಬೆರಳು ಉದ್ದ ಕತ್ತರಿಸಿ, ಕೆಳಗಿನ ಎಲಿ ತಗದು ಗಾಜಿನ ಗ್ಲಾಸಿನ ನೀರಿನಾಗ ಇಡ್ರಿ, ಎರಡು ವಾರದಾಗ ಬೇರು ಬರ್ತಾವ. ಅವನ್ನ ಸಣ್ಣ ಕುಂಡಕ್ಕ ಹಚ್ಚಿ ಮನಿಯೊಳಗ, ಬಡಗಣ ಕಿಟಕಿ ಹತ್ತಿರ, ಗಾಳಿ ನೇರ ಬಡೀದಂಗ ಇಡ್ರಿ. ಹೂವಿನ ಆಸಿ ಬ್ಯಾಡ, ಮೊಗ್ಗು ಬಂದ್ರ ಚಿವುಟಿ ಹಾಕ್ರಿ, ಗೊಬ್ಬರನೂ ಬ್ಯಾಡ. ಮಿರಗಿನ ಮಳಿ ಬಂದು ಹವಾ ತಂಪಾದ ಮ್ಯಾಲ ಹೊರಗ ತಂದ್ರ ಮತ್ತ ಚಿಗುರ್ತಾವ, ಅವುಗಳಿಂದ ಮತ್ತ ತುಂಡು ತಗದು ದಸರಾಕ್ಕ ಹೊಸ ಕುಂಡ ತುಂಬಬಹುದು, ನರ್ಸರಿ ಖರ್ಚೇ ಇಲ್ಲ. ಬ್ಯಾಸಿಗ್ಯಾಗ ಮನಿಯೊಳಗ ಇದ್ದಾಗ ಎಲಿ ಕೆಳಗ ಕೆಂಪು ಜೇಡದಂಥ ಸಣ್ಣ ಹುಳ ಬೀಳ್ತಾವ, ಕಣ್ಣಿಗಿ ಕಾಣೋದು ಕಷ್ಟ, ಎಲಿ ಮ್ಯಾಲ ಸಣ್ಣ ಸಣ್ಣ ಬಿಳಿ ಚುಕ್ಕಿ ಕಂಡು ಎಲಿ ಮಂಕಾದ್ರ ಅವೇ. ಒಣ ಬಿಸಿ ಹವಾ ಅಂದ್ರ ಅವಕ್ಕ ಹಬ್ಬ. ಬೆಳಿಗ್ಗಿ ಹೊತ್ತು ಎಲಿ ಕೆಳಗಡಿ ತಣ್ಣೀರಿನಿಂದ ತೊಳದು, ಬೇವಿನ ಎಣ್ಣಿ ಸಿಂಪಡಿಸಿದ್ರ ಹಿಡಿತಕ್ಕ ಬರ್ತಾವ.

ರೋಗದ ಮಾತು ಬಂದದ್ದಕ್ಕ ಇನ್ನೊಂದು ಹೇಳ್ತೀನಿ, ಇದನ್ನ ನರ್ಸರಿ ನಡಸೋರು ಓದ್ಲಿ ಅಂತ ನನ್ನ ಆಸಿ. ಡೌನಿ ಮಿಲ್ಡ್ಯೂ ಅಂತ ಒಂದು ರೋಗ ಅದ, ಎಲಿ ಹಳದಿ ಆಗಿ ಕೆಳಗ ಮುದುಡ್ತದ, ತಿರುವಿ ನೋಡಿದ್ರ ಕೆಳಗಡಿ ಹಿಟ್ಟು ಚೆಲ್ಲಿದಂಗ ಬಿಳಿ ಬೂಷ್ಟು, ಆಮ್ಯಾಲ ಎಲಿ ಪೂರಾ ಉದುರಿ ಬರೇ ದಂಟು ನಿಲ್ತದ. ಇಂಗ್ಲೆಂಡಿನಾಗ 2003ರಾಗ, ಅಮೆರಿಕಾದಾಗ 2011-12ರಾಗ ಈ ರೋಗ ಹಬ್ಬಿ ಇಂಪೇಶನ್ಸ್ ಮಾರೋದನ್ನೇ ಎಷ್ಟೋ ಮಂದಿ ಬಿಟ್ಟಿದ್ರು. ಆಮ್ಯಾಲ ಬೀಕನ್, ಇಮಾರಾ ಅಂತ ರೋಗ ತಡಿಯೋ ತಳಿ ತಯಾರ್ ಮಾಡಿದ್ರು. ಹಸಿ ತಂಪು ಹವಾ, ರಾತ್ರಿ ಪೂರಾ ತೋಯ್ದ ಎಲಿ ಇದ್ರ ಇದು ಜಲ್ದಿ ಹಬ್ತದ, ಅಂದ್ರ ನಮ್ಮ ಸೆಪ್ಟೆಂಬರ್, ಅಕ್ಟೋಬರ್‌ನ್ಯಾಗ ಜೋಪಾನ ಇರಬೇಕು. ಹೊಸ ಗಿಡ ತರೋವಾಗ ಎಲಿ ತಿರುವಿ ನೋಡಿ ತರ್ರಿ, ನೋಡಗೊಡದ ಕಡಿ ಕೊಳ್ಳಬ್ಯಾಡ್ರಿ. ಮನ್ಯಾಗ ಕಂಡ್ರ ಗಿಡ ಬೇರು ಸಮೇತ ಕಿತ್ತು ಚೀಲದಾಗ ಕಟ್ಟಿ ಒಗೀರಿ, ಗೊಬ್ಬರದ ಗುಂಡ್ಯಾಗ ಹಾಕ್ಬ್ಯಾಡ್ರಿ, ಆ ಕುಂಡದ ಮಣ್ಣಿನಾಗ ಮತ್ತ ಇದೇ ಗಿಡ ಹಚ್ಚಬ್ಯಾಡ್ರಿ.

ಈಗ ನ್ಯೂ ಗಿನಿ ಇಂಪೇಶನ್ಸ್ ಅಂತ ದೊಡ್ಡ ಹೂವಿಂದು, ಎಲಿ ಉದ್ದ ಇರೋದು, ಅದೂ ನಮ್ಮ ನರ್ಸರಿಗಳಾಗ ಕಾಣ್ತದ. 1970ರಾಗ ಅಮೆರಿಕಾದ ಕೃಷಿ ಇಲಾಖೆ ಮತ್ತ ಲಾಂಗ್‌ವುಡ್ ಗಾರ್ಡನ್ಸ್‌ನವರು ನ್ಯೂ ಗಿನಿ ದ್ವೀಪಕ್ಕ ಹೋಗಿ ತಂದ ಗಿಡಗಳಿಂದ ಈ ತಳಿಗಳು ಬೆಳೆದು ಬಂದ್ವು. ಇದಕ್ಕ ಆ ಬಿಳಿ ಬೂಷ್ಟಿನ ರೋಗದ ಕಾಟ ಇಲ್ಲ ಅಂತ್ಲೇ ಹೇಳಬಹುದು, ಬೆಳಕೂ ಸ್ವಲ್ಪ ಜಾಸ್ತಿ ತಡೀತದ. ಜಪಾನಿನ ಸಕಾಟಾ ಕಂಪನಿಯವರ ಸನ್‌ಪೇಶನ್ಸ್ ಬಿಸಲಿಗಿ ಇನ್ನೂ ಗಟ್ಟಿ. ಆದ್ರ ಬಿಸಲಿಗಿ ಗಟ್ಟಿ ಅಂದ್ರ 42 ಡಿಗ್ರಿ ಬಿಸಿಗಾಳಿಗಿ ಗಟ್ಟಿ ಅಂತಲ್ಲ, ನೀರಂತೂ ಇವಕ್ಕ ಇನ್ನೂ ಜಾಸ್ತಿ ಬೇಕು. ಹೆಚ್ಚಿನ ದುಡ್ಡು ಕೊಟ್ಟು ಏಪ್ರಿಲ್‌ನ್ಯಾಗ ತಂದು ಮಾಳಿಗಿ ಮ್ಯಾಲ ಇಡೋರಿಗಿ ದಯಮಾಡಿ ಬ್ಯಾಡ ಅಂತ ಹೇಳ್ತೀನಿ.

ಮತ್ತ ಮಳಿಗಾಲಕ್ಕ ನಮ್ಮದೇ ಗಿಡ ಇದೇ ಕುಲದಾಗ ಅದಲ್ರಿ, ಅದನ್ನ ಮರ್ತುಬಿಟ್ಟೀವಿ. ಗೌರಿ ಹೂ, ಕೆಲವರು ಕರ್ಣಕುಂಡಲ ಅಂತಾರ, ನಮ್ಮ ಊರಾಗ ಉರ್ದು ಮಾತಾಡೋರ ಮನ್ಯಾಗ ಗುಲ್‌ಮೆಹಂದಿ, ನರ್ಸರಿಯವರಿಗಿ ಬಾಲ್ಸಮ್. ಹಿಂದ ಹಿತ್ತಲ ಇದ್ದ ಮನ್ಯಾಗೆಲ್ಲ ಬಚ್ಚಲ ನೀರು ಹರಿಯೋ ದಾರ್ಯಾಗ ಇದು ಇರ್ತಿತ್ತು, ಹೆಣ್ಮಕ್ಕಳು ಎಲಿ ಹೂ ಅರದು ಬೆರಳಿಗಿ ಹಚ್ಚಿಕೊಳ್ತಿದ್ರು, ಮದರಂಗಿಯಾಗ ಇರೋ ಬಣ್ಣದ ಅಂಶನೇ ಇದರಾಗೂ ಇರ್ತದ, ಕೆಂಪಗೆ ಹಿಡೀತದ. ಮಿರಗ ಕೂಡಿ ನೆಲ ಹಸಿ ಆದ ಕೂಡಲೇ ಬೀಜ ನೆಟ್ಟಗ ನೆಲದಾಗೇ ಹಾಕ್ರಿ, ಟ್ರೇ ಗೀ ಏನೂ ಬ್ಯಾಡ, ಒಂದು ವಾರ ಹತ್ತು ದಿನದಾಗ ಮೊಳೀತದ, ಸುಮಾರು ಎರಡು ತಿಂಗಳಿಗಿ ಹೂ. ಶ್ರಾವಣದಾಗ ಪೂಜಿಗಿ ಮನಿ ಹೂ ಆಗ್ತದ. ಯರಿ ಮಣ್ಣಿನಾಗೂ ಸ್ವಲ್ಪ ಏರು ಮಾಡಿ ನೀರು ನಿಲ್ಲದಂಗ ನೋಡ್ಕೊಂಡ್ರ ಬರ್ತದ, ವಾಲೆರಿಯಾನಾ ಮಾಡಿಧಂಗ ಗಲಾಟಿ ಮಾಡೋದಿಲ್ಲ. ಬಲಿತ ಕಾಯಿ ಮುಟ್ಟಿದ್ರ ಸಾಕು ಪಟ್ ಅಂತ ಒಡದು ಬೀಜ ಹಾರ್ತಾವ, ಅದಕ್ಕ ಬೀಜ ಬೇಕಾದವರು ಕಾಯಿ ಬಣ್ಣ ತಿರುಗಿದಾಗ ಬೊಗಸಿ ಒಳಗ ಹಿಡದು ಮುರ್ಕೋಬೇಕು. ಸಣ್ಣ ಹುಡುಗರಿಗಿ ಈ ಕೆಲಸ ಹಚ್ಚಿ ನೋಡ್ರಿ, ಮೊಬೈಲ್ ಕೇಳಂಗಿಲ್ಲ. ನಮ್ಮ ಸಹ್ಯಾದ್ರಿಯೊಳಗ ಈ ಕುಲದ ನೂರಕ್ಕಿಂತ ಜಾಸ್ತಿ ಕಾಡು ಜಾತಿ ಅವ, ಅದರಾಗ ಭಾಳಷ್ಟು ಅಲ್ಲಿ ಬಿಟ್ರ ಜಗತ್ತಿನಾಗ ಬ್ಯಾರೆ ಎಲ್ಲೂ ಇಲ್ಲ, ಮಳಿಗಾಲದಾಗ ಹಸಿ ಬಂಡಿ ಮ್ಯಾಲೆಲ್ಲ ಅರಳ್ತಾವ. ನಮ್ಮ ರಾಜ್ಯದ ಗಿಡ ಅಂತ ಅಭಿಮಾನ ಪಡೋ ಕುಲ ಇದು.

ಇನ್ನ ನಿಜವಾದ ಬ್ಯಾಸಿಗ್ಯಾಗ ಮಡಿ, ಕುಂಡ ತುಂಬ್ಲಾಕ ಏನು ಹಚ್ಚಬೇಕು ಅಂದ್ರ ನಿತ್ಯಪುಷ್ಪ, ಹತ್ತು ಗಂಟೆ ಹೂ, ಜೀನಿಯಾ, ಕಾಸ್ಮಾಸ್, ಕೋಚಿಯಾ. ಹತ್ತು ಗಂಟೆ ಹೂವಿಗಂತೂ ಬಿಸಲು ಬಿದ್ರೇನೇ ಕಣ್ಣು ತೆರೀತದ. ನಿತ್ಯಪುಷ್ಪ ನೀರು ಕಡಿಮಿ ಆದ್ರೂ ನಗ್ತಿರ್ತದ. ಮಲ್ಲಿಗಿ ಕುಂಡದಾಗ ಇದ್ರ ಬ್ಯಾಸಿಗಿ ಸಂಜಿಗಿ ಬ್ಯಾರೆ ಏನೂ ಬೇಕಾಗಿಲ್ಲ. ಇವೆಲ್ಲ ಎಲ್ಲಾರಿಗೂ ಗೊತ್ತಿದ್ದವೇ.

ಕಡೀಗಿ ಮೂರು ವಿನಂತಿ ಅವರಿ. ಒಂದು ನಿಮ್ಮ ಪತ್ರಿಕಿಗೇ. ಹೂವಿನ ಗಿಡದ ಬಗ್ಗೆ ಬರೆಯೋವಾಗ ಕಲ್ಯಾಣ ಕರ್ನಾಟಕದ ಆವೃತ್ತಿಗಿ ಅಂತ ಬ್ಯಾರೆ ತಿಂಗಳ ಪಟ್ಟಿ ಹಾಕ್ರಿ. ಬೀದರನಾಗ ತೋಟಗಾರಿಕಿ ಕಾಲೇಜು ಅದ, ಕಲಬುರಗ್ಯಾಗ ಕೃಷಿ ವಿಜ್ಞಾನ ಕೇಂದ್ರ ಅದ, ಅಲ್ಲಿನ ತಿಳಿದವರ ಕಡಿಂದ ಬರಸ್ರಿ, ಅವರಿಗಿ ಈ ಮಣ್ಣು, ಈ ಬಿಸಲು ಗೊತ್ತು. ಎರಡನೇದು ನರ್ಸರಿಯವರಿಗಿ. ಮಾರ್ಚ್ ಆದ ಮ್ಯಾಲ ಇಂಪೇಶನ್ಸ್ ತರಿಸೋದು ನಿಲ್ಲಸ್ರಿ, ಇಲ್ಲಾ ತರಿಸಿದ್ರ "ಮನಿಯೊಳಗ ನೆಳ್ಳಿನಾಗ ಇಡ್ರಿ, ಹೊರಗ ಉಳಿಯೋದಿಲ್ಲ" ಅಂತ ಒಂದು ಚೀಟಿ ಅಂಟಿಸ್ರಿ. ಗಿಡ ಸತ್ತ ಗಿರಾಕಿ ಎರಡನೇ ಸಲ ಬರಂಗಿಲ್ಲ, ಗಿಡ ಉಳಿದವನು ವರ್ಷಾ ಬರ್ತಾನ.

ಮೂರನೇದು ಸಾರ್ವಜನಿಕ ಜಾಗದಾಗ ಗಿಡ ಹಚ್ಚಸೋರಿಗಿ. ಸರ್ಕಲ್, ಡಿವೈಡರ್, ಆಫೀಸಿನ ಮುಂದಿನ ಮಡಿ, ಇವುಗಳಾಗ ಬ್ಯಾಸಿಗಿ ಬಾಯಾಗ ಕಾರ್ಯಕ್ರಮ ಅಂತ ನೆಳ್ಳಿನ ಗಿಡ ತಂದು ಸಾಲಾಗಿ ಹಚ್ಚಿ, ಟ್ಯಾಂಕರ್ ನೀರು ಸುರಿದು, ಹದಿನೈದು ದಿನಕ್ಕ ಒಣಗಿದ್ದನ್ನ ಕಿತ್ತು ಹಾಕೋದು ಮಂದಿ ದುಡ್ಡು, ಮಂದಿ ನೀರು ಎರಡೂ ಹಾಳು. ಕುಡಿಯೋ ನೀರಿಗಿ ಕೊಡ ಹಿಡ್ಕೊಂಡು ನಿಲ್ಲೋ ಊರಾಗ ಇದು ನಡೀಬಾರ್ದು. ಡಿವೈಡರ್‌ಗ ಕಣಗಲ, ನಿತ್ಯಪುಷ್ಪ ಸಾಕು. ಇಂಪೇಶನ್ಸ್ ಹಚ್ಚಲೇಬೇಕಂದ್ರ ನವೆಂಬರ್‌ನ್ಯಾಗ, ನಮ್ಮ ಪಬ್ಲಿಕ್ ಗಾರ್ಡನ್‌ನ ದೊಡ್ಡ ಗಿಡಗಳ ನೆಳ್ಳಿನಾಗ ಹಚ್ಚಸ್ರಿ. ರಾಜ್ಯೋತ್ಸವ ಆದ ವಾರಕ್ಕ ಹಚ್ಚಿದ್ರ ಗಣರಾಜ್ಯೋತ್ಸವಕ್ಕ ಮಡಿ ತುಂಬಿರ್ತಾವ, ವಾಕಿಂಗ್ ಬರೋ ಹಿರಿಯರು, ಸಾಲಿ ಹುಡುಗರು ಎಲ್ಲಾರೂ ನೋಡ್ತಾರ, ಹೂ ತುಂಬಿದ ಮಡಿ ಮುಂದ ಯಾವ ತಿಂಗಳಾಗ ಹಚ್ಚಿದ್ದು ಅಂತ ಒಂದು ಬೋರ್ಡ್ ಹಾಕ್ಸಿ ಬಿಡ್ರಿ.

ಇಂತಿ,
ನಿಮ್ಮ ಓದುಗಿ,
ಜೇವರ್ಗಿ ರಸ್ತೆ, ಕಲಬುರಗಿ